ಒಂದೇ ಸ್ಟಾಪು, ಎರಡು ಫುಟಿ

ಜೂನ್ 11, ಮಂಗಳವಾರ

ಬೆಳಗಿನ ಪಾಳಿ ಮುಗಿಯಿತು. ಮೆಲ್ಬರ್ನಿನ ಜೂನ್, ಕೈ ಮರಗಟ್ಟುವ ಚಳಿ. ಮಕ್ಕಳನ್ನು ದಾಟಿಸಲು ಸ್ಟಾಪ್ ಫಲಕ ಹಿಡಿದು ಶಾಲೆಯ ಮುಂದೆ ರಸ್ತೆಗಿಳಿದರೆ ಕಾರಿನವರಿಗೆಲ್ಲ ನಾನೇ ಶತ್ರು. ಒಬ್ಬ ಹಾರ್ನ್ ಹೊಡೆದ. ಅವನ ಬಾನೆಟ್ಟಿನ ಮುಂದೆ ನಿಂತು ಸುಮ್ಮನೆ ನೋಡಿದೆ. ತೆಪ್ಪಗಾದ. ಮಕ್ಕಳು ನಕ್ಕವು. ದಿನಕ್ಕೆ ಇಷ್ಟೇ ನನ್ನ ದರ್ಬಾರು.

ಮನೆಗೆ ಬಂದು ಟೀ ಇಡುವಾಗ ಮೊಬೈಲು ಕುಂಯ್ ಅಂತು. ಟೆಗನ್! ನನ್ನ ಲಿಂಡ್ಸೆಯ ಮೊಮ್ಮಗಳು. ನಮ್ಮ ಮೊಮ್ಮಗಳು ಅಂತ ಬರೆಯಲು ಹೋಗಿ ಪೆನ್ನು ತಡೆಯಿತು.

"ಹಾಯ್ ಗ್ಲೆನಿಸ್, ರಜೆಗೆ ಮೂರು ದಿನ ಮೆಲ್ಬರ್ನಿಗೆ ಬರ್ಲಾ? 29ಕ್ಕೆ ಫುಟಿ ಇದೆ!! ಡ್ಯಾಡ್ ಓಕೆ ಅಂದ್ರು."

ಮೂರು ಸಲ ಓದಿದೆ. ಟೀ ಉಕ್ಕಿ ಒಲೆಯೆಲ್ಲ ರಾಡಿ. ಅಕ್ಟೋಬರಿನಲ್ಲಿ ಲಿಂಡ್ಸೆ ತೀರಿಹೋದ ಮೇಲೆ ಕ್ವೀನ್ಸ್‌ಲ್ಯಾಂಡಿನ ಆ ಮನೆಯಿಂದ ಬಂದ ಮೊದಲ ಮಾತು ಇದು. ಹುಡುಗಿಗೆ ಫುಟ್‌ಬಾಲ್ ಹುಚ್ಚು ಅಂದರೆ ಅಜ್ಜನ ರಕ್ತ. ಅವನಿಗೂ ಅಷ್ಟೇ, ಶನಿವಾರ ಆಟವಿದ್ದರೆ ಮನೆಗೆ ಬೆಂಕಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ.

"ಧಾರಾಳವಾಗಿ ಬಾ" ಅಂತ ಬರೆದೆ. ಅತಿಯಾಯಿತು ಅನಿಸಿ ಅಳಿಸಿದೆ. "ಬಾ" ಅಂತ ಕಳಿಸಿದೆ. ಈಗ ಅದು ಸಿಡುಕಿದ ಹಾಗಾಯಿತೇನೋ.

ಜೂನ್ 14, ಶುಕ್ರವಾರ

ಟಿಕೆಟ್ ಸಿಕ್ಕಿತು! 29, ಶನಿವಾರ ಮಧ್ಯಾಹ್ನ, ದೊಡ್ಡ ಮೈದಾನ, ಲಿಂಡ್ಸೆಯ ತಂಡದ ಆಟ. ಮೇಲ್ಛಾವಣಿ ಇರುವ ಕಡೆಯೇ ಎರಡು ಸೀಟು. ಹನ್ನೆರಡು ವರ್ಷ ಅವನು ಒಬ್ಬನೇ ಹೋಗಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದ. ನನಗೆ ಅದು ಹಿಡಿಸದು. ಯಾರು ಯಾಕೆ ಓಡುತ್ತಾರೋ ದೇವರಿಗೇ ಪ್ರೀತಿ.

ಉಳಿದ ಹೊತ್ತಿಗೆ ಏನು? ಪಕ್ಕದ ಮನೆ ವೂಲಾ ಬೇಲಿ ಮೇಲೆ ಕೈಯೂರಿ ಕೇಳಿದಳು. ಮ್ಯೂಸಿಯಂ ಅಂದೆ.

"ಅಯ್ಯೋ ನಿನ್ನ! ಹದಿನೈದರ ಹುಡುಗೀನ ಮ್ಯೂಸಿಯಮ್ಮಿಗೆ ಹಾಕ್ತೀಯಾ? ಏನ್ ತಪ್ಪು ಮಾಡಿತ್ತು ಆ ಮಗು?"

"ಮತ್ತೆ ಎಲ್ಲಿಗೆ?"

"ಅಂಗಡಿಗೆ ಬಿಡು. ಹೊಟ್ಟೆಗೆ ಹಾಕು. ಬಾಯ್ಮುಚ್ಚಿಕೊಂಡಿರು. ನಾನು ಏಳು ಮೊಮ್ಮಕ್ಕಳನ್ನ ಹಾಗೇ ಸಂಭಾಳಿಸಿದ್ದು."

ಏಳು. ಹೇಳುವಾಗ ಎದೆ ಎಷ್ಟು ಉಬ್ಬಿಸುತ್ತಾಳೆ ಮಾರಾಯ್ತಿ.

ಜೂನ್ 16, ಭಾನುವಾರ

ನಾಚಿಕೆ ಬಿಟ್ಟು ಬರೆಯುತ್ತೇನೆ, ಯಾರು ಓದಬೇಕು ಇದನ್ನು. ಇವತ್ತು ಒಬ್ಬಳೇ ಹೋಗಿ ಪೂರ್ತಿ ರಿಹರ್ಸಲ್ ಮಾಡಿಬಂದೆ. ಟ್ರಾಮ್ ಹತ್ತಿ ಪೇಟೆ. ಗೋಡೆಗೆಲ್ಲ ಬಣ್ಣ ಬಳಿದ ಆ ಗಲ್ಲಿ. ಅಲ್ಲಿ ಹುಡುಗಿಯರು ಫೋಟೊ ತೆಗೆಸಿಕೊಳ್ಳುತ್ತಿದ್ದರು, ಒಳ್ಳೆಯ ಲಕ್ಷಣ. ಪಕ್ಕದ ಕೆಫೆಯಲ್ಲಿ ಬಿಸಿ ಚಾಕಲೇಟ್ ಕುಡಿದು ನೋಡಿದೆ. ವಿಪರೀತ ಸಿಹಿ.

ಬಿಲ್ ತಂದ ಹುಡುಗಿಯನ್ನು ಕೇಳಿದೆ, "ಹದಿನೈದು ವರ್ಷದವಳಿಗೆ ಇದು ಹಿಡಿಸುತ್ತಾ?"

"ಮೊಮ್ಮಗಳಾ?"

"ಹೂಂ" ಅಂದುಬಿಟ್ಟೆ! ಯಾರಿಗೂ ನಷ್ಟವಿಲ್ಲವಲ್ಲ.

"ಮೇಲೆ ಎರಡು ಮಾರ್ಷ್‌ಮೆಲೋ ಜಾಸ್ತಿ ಹಾಕ್ತೀನಿ ಬಿಡಿ, ಕರ್ಕೊಂಡ್ ಬನ್ನಿ" ಅಂದಳು.

ಇಡೀ ಊರಿನಲ್ಲಿ ಇವತ್ತು ನನ್ನ ಜೊತೆ ಮಾತಾಡಿದ್ದು ಅವಳೊಬ್ಬಳೇ. ಟ್ರಾಮಿನಲ್ಲಿ ಬರುವಾಗ ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿ ಬ್ಯಾಗ್ ಇಡಲಿಲ್ಲ. ಯಾಕೋ.

ಜೂನ್ 20, ಗುರುವಾರ, ಸಂಜೆ

ಡ್ಯಾರೆಲ್‌ಗೆ ಫೋನ್ ಮಾಡಿದೆ. ಅವಳ ಅಪ್ಪ, ಲಿಂಡ್ಸೆಯ ಒಬ್ಬನೇ ಮಗ. ಹುಡುಗಿ ಏನು ತಿನ್ನುತ್ತಾಳೆ, ಏನಾದರೂ ಅಲರ್ಜಿ ಇದೆಯಾ, ಇಷ್ಟು ಕೇಳಲು. ನಡುಮನೆಯ ಲ್ಯಾಂಡ್‌ಲೈನಿನಲ್ಲಿ ಅವನ ನಂಬರಿಗೆ ಒಂದೇ ಗುಂಡಿ, ಒತ್ತಿದರಾಯಿತು. ರಿಂಗ್ ಆಗಿ ಆಗಿ ನಿಂತಿತು. ಕ್ರಿಸ್‌ಮಸ್ ದಿನವೂ ಹೀಗೇ. ಈಸ್ಟರಿಗೂ. ಅವನ ಹುಟ್ಟುಹಬ್ಬಕ್ಕೂ. ತಿರುಗಿ ಒಂದು ಮಾತಿಲ್ಲ.

ಅವನ ಲೆಕ್ಕದಲ್ಲಿ ನಾನು ಲಿಂಡ್ಸೆಯ ಜೊತೆಗೇ ಹೋದೆ. ಪತ್ರಿಕೆಯಲ್ಲಿ ಕೊಟ್ಟ ಸಾವಿನ ಪ್ರಕಟಣೆಯಲ್ಲಿ ಮಗ, ಮೊಮ್ಮಗಳು, ತಂಗಿ, ಬೌಲಿಂಗ್ ಕ್ಲಬ್ಬು, ಆಮೇಲೆ "ಗೆಳತಿ ಗ್ಲೆನಿಸ್". ಹನ್ನೆರಡು ವರ್ಷ ಒಂದೇ ಹಾಸಿಗೆ, ಕೊನೆಗೆ ಗೆಳತಿ. ಮದುವೆ ಯಾಕೆ, ಈ ವಯಸ್ಸಿಗೆ ಯಾರಿಗೆ ಬೇಕು ಅಂತ ನಗುತ್ತಿದ್ದವರು ನಾವೇ.

ಈ ಹುಡುಗಿ ಒಬ್ಬಳು ಉಳಿದಿದ್ದಾಳೆ. ಅವಳಿಗೆ ಇಲ್ಲಿ ಬೇಜಾರಾಯಿತೋ, ಮುಗಿಯಿತು. ಆಮೇಲೆ ನಾನು ಯಾರಿಗೂ ಏನೂ ಅಲ್ಲ.

ಜೂನ್ 28, ಶುಕ್ರವಾರ

ಬಂದಳು. ಚಡ್ಡಿಯಲ್ಲಿ! ಮೆಲ್ಬರ್ನಿನ ಈ ಚಳಿಯಲ್ಲಿ ಮೊಣಕಾಲು ನೀಲಿ. ನನಗಿಂತ ಎತ್ತರ. ತಬ್ಬಿಕೊಳ್ಳಲು ಹೋದೆ, ಅವಳು ಬ್ಯಾಗ್ ತೆಗೆದುಕೊಳ್ಳಲು ಬಗ್ಗಿದಳು, ನನ್ನ ಗಲ್ಲಕ್ಕೆ ಅವಳ ತಲೆ ಟಣ್ ಅಂತು.

"ಸಾರಿ ಸಾರಿ!"

"ಪರವಾಗಿಲ್ಲ, ಹಲ್ಲು ಕಟ್ಟಿಸಿದ್ದೇ" ಅಂದೆ. ನಕ್ಕಳೋ ಇಲ್ಲವೋ, ಟೋಪಿಯೊಳಗೆ ಕಾಣಲಿಲ್ಲ.

ಕುರಿಮಾಂಸ ಹುರಿದಿದ್ದೆ, ಬೆಳಿಗ್ಗೆಯಿಂದ. ತಿನ್ನುವುದಿಲ್ಲವಂತೆ. ಟೋಸ್ಟಿಗೆ ವೆಜಿಮೈಟ್ ಸವರಿಕೊಂಡು ತಿಂದಳು. ಬಣ್ಣದ ಗಲ್ಲಿ ನೋಡೋಣವಾ? "ಆಲ್ ಗುಡ್." ಬಿಸಿ ಚಾಕಲೇಟ್? "ಆಲ್ ಗುಡ್." ಇನ್ನೊಂದು ಹೊದಿಕೆ ಬೇಕಾ? "ಆಲ್ ಗುಡ್." ನಮ್ಮ ಜನರೇ ಹೀಗೆ, ಬೇಡ ಅನ್ನಲೂ ಆಲ್ ಗುಡ್, ಕಾಲು ಮುರಿದರೂ ಆಲ್ ಗುಡ್. ನಾನೂ ಹಾಗೇ ಅನ್ನುವವಳು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗಲೇ ಅದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಅಂತ ತಿಳಿದದ್ದು.

ಒಂದು ಸಲ ಮಾತ್ರ ಕಣ್ಣು ಅರಳಿತು. "ನಾಳೆ ಫುಟಿ ಅಲ್ವಾ? ಟಿಕೆಟ್ ಇದೆಯಾ?"

"ಇದೆ. ಛಾವಣಿ ಕೆಳಗೆ" ಅಂದೆ.

"ಯು ಲೆಜೆಂಡ್!"

ಸದ್ಯ. ಇಷ್ಟು ಸಾಕು ಇವತ್ತಿಗೆ.

ಜೂನ್ 29, ಶನಿವಾರ, ಸಂಜೆ

ಹೇಗೆ ಬರೆಯಲಿ.

ಬೆಳಿಗ್ಗೆ ಕೋಣೆಯಿಂದ ಬಂದಳು, ಮೈಮೇಲೆ ಯಾವುದೋ ಗೊತ್ತಿಲ್ಲದ ಬಣ್ಣದ ಜೆರ್ಸಿ. ಹೊಸ ಫ್ಯಾಷನ್ ಇರಬೇಕು ಅಂದುಕೊಂಡೆ. ನಾನು ಲಿಂಡ್ಸೆಯ ತಂಡದ ಮಫ್ಲರ್ ಸುತ್ತಿಕೊಂಡಿದ್ದೆ. ಅವಳು ಅದನ್ನು ನೋಡಿದಳು. ನಾನು ಅವಳ ಜೆರ್ಸಿ ನೋಡಿದೆ. ಇಬ್ಬರೂ ಏನೂ ಅನ್ನಲಿಲ್ಲ. ಮರ್ಯಾದೆ!

ಟ್ರಾಮ್ ತುಂಬ ಜನ. ಸ್ಟಾಪಿನಲ್ಲಿ ಇಳಿದೆವು. ಅಲ್ಲಿ ಜಾತ್ರೆ ಎರಡಾಗಿ ಒಡೆಯಿತು. ಒಂದು ಗುಂಪು ಸೇತುವೆ ಹತ್ತಿ ದೊಡ್ಡ ಮೈದಾನಕ್ಕೆ, ಇನ್ನೊಂದು ಗುಂಪು ಈಚೆ ಚಿಕ್ಕ ಮೈದಾನಕ್ಕೆ. ನಾನು ಸೇತುವೆ ಹತ್ತಿದೆ. ತಿರುಗಿ ನೋಡಿದರೆ ಟೆಗನ್ ಚಿಕ್ಕ ಮೈದಾನದ ಕಡೆ ದಾಪುಗಾಲು ಹಾಕುತ್ತಿದ್ದಾಳೆ.

"ಏಯ್, ಎಲ್ಲಿಗೆ?"

"ಫುಟಿಗೆ!"

"ಫುಟಿ ಇಲ್ಲಿ!"

"ಅದು ಫುಟಿ ಅಲ್ಲ ಗ್ಲೆನಿಸ್, ಆಕಾಶದಲ್ಲಿ ಪಿಂಗ್‌ಪಾಂಗ್!" ನಗುತ್ತ ಕೂಗಿದಳು. ಆಮೇಲೆ ನನ್ನ ಮುಖ ನೋಡಿ ನಗು ನಿಂತಿತು.

ಆಗ ಹೊಳೆಯಿತು ಈ ಮಂಕುದಿಣ್ಣೆಗೆ. ಕ್ವೀನ್ಸ್‌ಲ್ಯಾಂಡಿನವರು ಫುಟಿ ಅಂದರೆ ರಗ್ಬಿ ಲೀಗ್, ತಲೆಗೆ ತಲೆ ಗುದ್ದಿಕೊಂಡು ಓಡುವ ಆಟ. ನಮಗೆ ಇಲ್ಲಿ ಹುಟ್ಟಿದಾರಭ್ಯ ಫುಟಿ ಅಂದರೆ ಒಂದೇ, ಚೆಂಡನ್ನು ಆಕಾಶಕ್ಕೆ ಒದ್ದು ಹಾರಿ ಹಿಡಿಯುವ ಆಸ್ಟ್ರೇಲಿಯನ್ ಫುಟ್‌ಬಾಲ್. ಅವಳ ಊರಿನ ತಂಡ ಮೆಲ್ಬರ್ನಿಗೆ ವರ್ಷಕ್ಕೊಮ್ಮೆ ಆಡಲು ಬರುತ್ತದಂತೆ. ಅದಕ್ಕೇ 29. ಅದಕ್ಕೇ ಎರಡು ಆಶ್ಚರ್ಯಸೂಚಕ.

ಅಜ್ಜನ ರಕ್ತವೂ ಇಲ್ಲ, ನನ್ನ ನೆನಪೂ ಇಲ್ಲ. ಆಟ ನೋಡಲು ಬಂದವಳಿಗೆ ನಾನೊಂದು ಹಾಸಿಗೆ, ಒಂದು ಟೋಸ್ಟು.

"ಆಲ್ ಗುಡ್, ನಿನ್ನದಕ್ಕೇ ಹೋಗೋಣ" ಅಂದಳು. ಜೆರ್ಸಿಯ ಮೇಲೆ ಜಾಕೆಟ್ಟಿನ ಜಿಪ್ ಎಳೆದುಕೊಂಡಳು, ಕತ್ತಿನ ತನಕ.

ಆ ಜಿಪ್ ನೋಡಲಾಗಲಿಲ್ಲ. ಸೇತುವೆಯ ಮೇಲೆ ಹೋಗುತ್ತಿದ್ದ ದಂಪತಿಯ ಕೈಗೆ ನನ್ನ ಟಿಕೆಟ್ ಎರಡೂ ತುರುಕಿ ಕೆಳಗಿಳಿದೆ. ಅವರು ನನ್ನನ್ನು ತಲೆಕೆಟ್ಟವಳು ಅಂದುಕೊಂಡಿರಬೇಕು. ಚಿಕ್ಕ ಮೈದಾನದ ಗೇಟಿನಲ್ಲೇ ಟಿಕೆಟ್ ಸಿಕ್ಕಿತು. ಛಾವಣಿ ಇಲ್ಲ. ಹನಿ ಮಳೆ.

ನನಗೆ ತಲೆಬುಡ ಹತ್ತಲಿಲ್ಲ. ಅವಳು ಕಿರುಚಿದಳು, ಎದ್ದಳು, ಕೂತಳು, ನನ್ನ ತೋಳು ಹಿಂಡಿದಳು. "ನೋಡು ನೋಡು, ಈಗ ಒದೀತಾನೆ! ಅಯ್ಯೋ, ಕುರುಡನಾ ಅವನು!" ಇವಳು ತನ್ನ ಶಾಲೆಯ ತಂಡದಲ್ಲಿ ಆಡುತ್ತಾಳಂತೆ, ಮೂಗು ಒಂದು ಸಲ ಮುರಿದಿದೆಯಂತೆ. ನನಗೆ ಯಾರೂ ಹೇಳಿರಲಿಲ್ಲ.

ಮುಂದಿನ ಸೀಟಿನ ದಢೂತಿ ಮನುಷ್ಯ ತಿರುಗಿದ. "ಅಜ್ಜೀಗೆ ಸ್ವಲ್ಪ ರೂಲ್ಸ್ ಹೇಳ್ಕೊಡಮ್ಮ, ಎದುರು ಪಾರ್ಟಿಗೆ ಚಪ್ಪಾಳೆ ತಟ್ತಿದ್ದಾರೆ!"

"ಅಜ್ಜಿ ಅಲ್ಲ, ಇವಳು ಗ್ಲೆನಿಸ್" ಅಂದಳು ಟೆಗನ್. ಕಣ್ಣು ಆಟದ ಮೇಲೇ.

ತಪ್ಪೇನಿಲ್ಲ. ನನ್ನ ಹೆಸರು ಅದೇ. ಆದರೂ ಆಮೇಲೆ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ.

ಜೂನ್ 30, ಭಾನುವಾರ

ಮಾರ್ಕೆಟ್ಟು. ಜ್ಯಾಮ್ ಡೋನಟ್. ಬಿಸಿ ಜ್ಯಾಮ್ ಅವಳ ಗದ್ದಕ್ಕೆ ಸುರಿದು ಇಬ್ಬರೂ ನಕ್ಕೆವು. ಬಣ್ಣದ ಗಲ್ಲಿಗೆ ಹೋಗಲಿಲ್ಲ, ಬೇಡವಂತೆ. ರಿಹರ್ಸಲ್ ದಂಡ.

ಮಳೆ ಜೋರಾಗಿ ತಗಡಿನ ಮಾಡಿನ ಕೆಳಗೆ ಪೆಟ್ಟಿಗೆಗಳ ಮೇಲೆ ಕೂತೆವು. ನಾನಾಗಿ ಬಾಯಿ ಬಿಡಬಾರದಿತ್ತು. ವೂಲಾ ಹೇಳಿದ್ದಳಲ್ಲ. ಬಿಟ್ಟೆ.

"ನಿಮ್ಮಪ್ಪನಿಗೆ ನನ್ನ ಮೇಲೆ ಏನು ಸಿಟ್ಟು?"

"ಡ್ಯಾಡ್‌ಗಾ? ಸಿಟ್ಟಾ?"

"ನಾನು ಫೋನ್ ಮಾಡಿದರೆ ಎತ್ತೋದೇ ಇಲ್ಲ."

ಬೆರಳಿನ ಸಕ್ಕರೆ ನೆಕ್ಕುತ್ತಿದ್ದವಳು ನಿಲ್ಲಿಸಿದಳು. "ಗ್ಲೆನಿಸ್... ನೀನು ಯಾಕೆ ಯಾವಾಗ್ಲೂ ಆ ಮನೆ ಫೋನಿಂದಾನೇ ಮಾಡ್ತೀಯ?"

"ಕುರ್ಚಿ ಪಕ್ಕದಲ್ಲಿದೆ. ಯಾಕೆ?"

"ಅದು ಡ್ಯಾಡ್ ಫೋನಲ್ಲಿ 'ಅಪ್ಪ' ಅಂತ ಇದೆ."

ನನಗೆ ಮೊದಲು ಅರ್ಥವಾಗಲಿಲ್ಲ.

"ನೀನು ಮಾಡಿದಾಗ ಸ್ಕ್ರೀನಲ್ಲಿ 'ಅಪ್ಪ' ಅಂತ ಬರತ್ತೆ. ಕ್ರಿಸ್‌ಮಸ್ ದಿನ ಊಟಕ್ಕೆ ಕೂತಿದ್ವಿ. ಫೋನು ಟೇಬಲ್ ಮೇಲಿತ್ತು. 'ಅಪ್ಪ' ಕರೀತಿದಾನೆ. ಡ್ಯಾಡ್ ಎದ್ದು ಹೋಗಿ ಹುಲ್ಲಿಗೆ ನೀರು ಬಿಟ್ರು. ಮಳೆ ಬರ್ತಿತ್ತು ಆಗ."

"ಹೆಸರು ಬದಲಾಯಿಸಬಾರದಾ?"

"ನಾನೂ ಅದನ್ನೇ ಹೇಳ್ದೆ. ನನ್ ಮೇಲೆ ರೇಗಾಡಿಬಿಟ್ರು."

"ಯಾರಾದ್ರೂ ನನಗೆ ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳೋದು? ಸತ್ತೋರ ಹೆಸರಲ್ಲಿ ಫೋನ್ ಮಾಡ್ಬೇಡ ಅಂತಾನಾ?" ಅಂದಳು. ಆಮೇಲೆ, ಮೆಲ್ಲಗೆ, "ನೀನೂ ಕೇಳ್ಲಿಲ್ಲ."

ಹೌದು. ಕೇಳಲಿಲ್ಲ. ಎಲ್ಲರೂ ಆಲ್ ಗುಡ್. ಒಂಬತ್ತು ತಿಂಗಳು ಆ ಮನುಷ್ಯನನ್ನು ಮನಸ್ಸಿನಲ್ಲಿ ಬೈದೆ, ಹಬ್ಬ ಹಬ್ಬಕ್ಕೆ ಅವನ ಸತ್ತ ಅಪ್ಪನಾಗಿ ಕರೆದೆ. ಮಾರ್ಕೆಟ್ಟಿನ ನಡುವೆ ಅತ್ತುಬಿಟ್ಟೆ, ಕೈಯಲ್ಲಿ ಡೋನಟ್ ಹಿಡಿದುಕೊಂಡು. ಟೆಗನ್ ಟಿಶ್ಯೂ ಹುಡುಕಿದಳು, ಸಿಗಲಿಲ್ಲ, ತನ್ನ ಜೆರ್ಸಿಯ ತೋಳು ಕೊಟ್ಟಳು.

ಜುಲೈ 1, ಸೋಮವಾರ

ಹೋದಳು. ಏರ್‌ಪೋರ್ಟ್ ಬಸ್ಸಿನ ಬಾಗಿಲಲ್ಲಿ ನಿಂತು, "ಮುಂದಿನ ಸಲ ಬೇಕಾದ್ರೆ ನಿನ್ನ ಪಿಂಗ್‌ಪಾಂಗ್ ನೋಡೋಣ" ಅಂದಳು. ಮುಂದಿನ ಸಲ ಅಂದಳು. ಬಾಯಿಮಾತಿಗೆ ಎಲ್ಲರೂ ಅನ್ನುತ್ತಾರೆ.

ಅವಳ ಹಾಸಿಗೆ ಮಡಿಸಲಿಲ್ಲ. ನಾಳೆ ಮಡಿಸುತ್ತೇನೆ.

ಜುಲೈ 6, ಶನಿವಾರ

ಬುಧವಾರ ಬರೆದೆ, "ಸುಖವಾಗಿ ತಲುಪಿದೆಯಾ?" ಇವತ್ತು ಉತ್ತರ. ಒಂದು ಹೆಬ್ಬೆರಳಿನ ಚಿತ್ರ. ಅಷ್ಟೇ.

ವೂಲಾ ಅಂದಳು, "ಅವರ ಭಾಷೇಲಿ ಅದು ನಾಲ್ಕು ಪುಟ ಕಣೇ."

ಇರಬಹುದು. ನನಗೆ ಓದಲು ಬರುವುದಿಲ್ಲ. ಶಾಲೆಗೆ ರಜೆ, ರಸ್ತೆಯಲ್ಲಿ ಮಕ್ಕಳಿಲ್ಲ, ಇಡೀ ವಾರ ವೂಲಾ ಬಿಟ್ಟರೆ ಯಾರ ಜೊತೆಗೂ ಮಾತಿಲ್ಲ. ಲ್ಯಾಂಡ್‌ಲೈನ್ ಮುಟ್ಟಲು ಭಯ. ಒರೆಸುವಾಗಲೂ ಆ ಗುಂಡಿಯಿಂದ ಕೈ ದೂರ.

ಜುಲೈ 14, ಭಾನುವಾರ, ಸಂಜೆ 4

ನಾಳೆ ಶಾಲೆ ಶುರು, ಮತ್ತೆ ನಿಲ್ಲಬೇಕು ಫಲಕ ಹಿಡಿದು. ಇವತ್ತಾದರೂ ಡ್ಯಾರೆಲ್‌ಗೆ ಫೋನ್ ಮಾಡಿಬಿಡಬೇಕು. ಮೊಬೈಲಿನಿಂದ. ಈ ನಂಬರು ಅವನ ಹತ್ತಿರ ಇಲ್ಲ, ಯಾವ ಹೆಸರೂ ಬರುವುದಿಲ್ಲ, ಬರೀ ಅಂಕಿ.

ಏನು ಹೇಳುವುದು? ಬೆಳಿಗ್ಗೆಯಿಂದ ಹೇಳಿಕೊಂಡು ನೋಡುತ್ತಿದ್ದೇನೆ. ಕ್ಷಮಿಸು ಅಂತಲೇ? ಗೊತ್ತಿರಲಿಲ್ಲ ಅಂತ? ನನಗೂ ಲಿಂಡ್ಸೆ ಇಲ್ಲದೆ ಮನೆ ತಿನ್ನಲು ಬರುತ್ತದೆ, ನಿನಗೂ ಹಾಗೇನಾ ಅಂತ? ಮೊದಲ ಮಾತು ಒಂದು ಸರಿಯಾಗಿ ಬಂದರೆ ಉಳಿದದ್ದು ಬರುತ್ತದೆ. ಅದೇ ಬರುತ್ತಿಲ್ಲ.

ಒತ್ತಿದೆ. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೇನೆ. ಕೈಗೆ ಏನಾದರೂ ಕೆಲಸ ಇರಲಿ ಅಂತ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನಿಲ್ಲಿಸಿಬಿಡುತ್ತೇನೆ. ರಿಂಗ್ ಆಗುತ್ತಿದೆ. ಇನ್ನೂ... ಗೊತ್ತಿಲ್ಲದ ನಂಬರು ಈ ಕಾಲದಲ್ಲಿ ಯಾರು ಎತ್ತುತ್ತಾರೆ... ಇಡಲಾ —

ಎತ್ತಿದ.

"ಹಲೋ?" ಥೇಟ್ ಲಿಂಡ್ಸೆಯ ದನಿ, ದೇವರೇ. "ಹಲೋ, ಯಾರು ಮಾತಾಡೋದು?"

ನಾನು —