ಮಹಡಿ ಹತ್ತಿದ್ದೇ ತಪ್ಪಾಯಿತು

ಉನ್ನತ ಶಿಕ್ಷಣ ನೆರವು ಕಚೇರಿಯ ನಿರ್ದೇಶಕರೇ,

ನಡೆಯಲಾಗದ ನನ್ನ ಮಗಳಿಗೆ ಕಾಲೇಜಿಗೆ ಹೋಗಿಬರಲು ಮೂರು ಚಕ್ರದ ಸ್ಕೂಟರ್ ಕೊಡುವುದಿಲ್ಲ ಎಂದು ಬರೆದಿದ್ದೀರಿ. ಕಾರಣವನ್ನು ನಿಮ್ಮದೇ ಮಾತಿನಲ್ಲಿ ಊರೆಲ್ಲ ಸವಿಯಲಿ: ‘ಅರ್ಜಿದಾರರು ಮೂರನೇ ಮಹಡಿಯ ಕಚೇರಿಗೆ ಖುದ್ದಾಗಿ ಹಾಜರಾಗಿರುವುದರಿಂದ ಸಂಚಾರಕ್ಕೆ ನೆರವಿನ ಅಗತ್ಯ ಕಂಡುಬರುವುದಿಲ್ಲ.’ ಭೇಷ್! ದಿನವೂ ಹತ್ತಾರು ತಲೆ ನೋಡುವ ಕ್ಷೌರಿಕ ನಾನು. ಇಂಥ ತಲೆ ಕಂಡಿರಲಿಲ್ಲ.

ಅವಳು ಹೇಗೆ ಹಾಜರಾದಳು ಗೊತ್ತೇ? ಖುದ್ದು ಬರಲೇಬೇಕು ಎಂದು ನೀವು ಕರೆಸಿದ ದಿನ ಅಂಗಡಿಗೆ ಬೀಗ ಹಾಕಿ ಆಟೋದಲ್ಲಿ ಕರೆತಂದೆ. ನಿಮ್ಮ ಲಿಫ್ಟಿನೊಳಗೆ ‘ಕಾಲೇಜು ಎಲ್ಲರಿಗೂ’ ಎಂಬ ಬೋರ್ಡುಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು. ‘ಸಾಹೇಬ್ರು ಒಂದ್ನಿಮಿಷ ಕೆಳಗೆ ಬರ್ತಾರಾ?’ ಎಂದು ಜವಾನನನ್ನು ಕೇಳಿದೆ. ‘ಅವರಿಗೆ ಮಂಡಿನೋವು ಅಣ್ಣಾ. ಬೆಳಿಗ್ಗೆ ಹತ್ತಿದ್ರೆ ಸಂಜೇನೇ ಇಳಿಯೋದು’ ಎಂದ. ನಿಮ್ಮ ನಿಯಮವನ್ನು ನಿಮಗೇ ಹಚ್ಚಿದರೆ, ದಿನಾ ಮೂರನೇ ಮಹಡಿಗೆ ಹಾಜರಾಗುವವರಿಗೆ ಮಂಡಿನೋವು ಎಲ್ಲಿಂದ ಬಂತು?

ಮಗಳನ್ನು ಬೆನ್ನಿಗೆ ಹಾಕಿಕೊಂಡು ಹತ್ತಿದೆ. ಎರಡನೇ ಮಹಡಿಯ ತಿರುವಿನಲ್ಲಿ ನನ್ನ ಏದುಸಿರು ಕೇಳಿ, ‘ಅಪ್ಪಾ, ವಾಪಸ್ ಹೋಗೋಣ. ಈ ಓದೂ ಬೇಡ, ಏನೂ ಬೇಡ’ ಎಂದಳು. ‘ಬಾಯ್ಮುಚ್ಚು, ಗಟ್ಟಿಯಾಗಿ ಹಿಡ್ಕೋ’ ಎಂದು ಗದರಿದೆ. ಗಣಿತ ಓದಬೇಕೆಂದು ಹಟ ಹಿಡಿದು ಸೀಟು ಗಿಟ್ಟಿಸಿದ ಹುಡುಗಿ ಅವಳು. ಆ ಮಾತು ಅವಳ ಬಾಯಿಂದ ಹೊರಡಿಸಿದ್ದಕ್ಕೆ ನಿಮ್ಮನ್ನು ನಾನು ಕ್ಷಮಿಸುವುದಿಲ್ಲ.

ಮೇಲೆ ನೀವು ಫೈಲಿನಿಂದ ಕತ್ತೆತ್ತಲಿಲ್ಲ. ‘ಹುಡುಗಿ ಬಂದಿದ್ದಾಳಾ?’ ಎಂದಿರಿ. ‘ಬಂದಿದ್ದಾಳೆ ಸ್ವಾಮಿ’ ಎಂದೆ. ಟಿಕ್ ಹಾಕಿದಿರಿ. ಕತ್ತೆತ್ತಿದ್ದರೆ ನನ್ನ ಹೆಗಲ ಮೇಲೆ ಅವಳ ಮುಖ ಕಾಣುತ್ತಿತ್ತು. ಬಾರದಿದ್ದರೆ ಗೈರುಹಾಜರಿ, ಬಂದರೆ ಗಟ್ಟಿಮುಟ್ಟು! ಅತ್ತ ದರಿ, ಇತ್ತ ಪುಲಿ. ನಡುವೆ ನಿಮ್ಮ ಪೆನ್ನು. ಓದುವವರಿಗೆ ದಾರಿ ಮಾಡಿಕೊಡಲು ನಿಮ್ಮನ್ನು ಕೂರಿಸಿದ್ದಾರೋ, ದಾರಿಗೆ ಅಡ್ಡ ಕೂರಲೋ?

ಸೋಮವಾರ ಕಾಲೇಜು ಶುರು. ಅಲ್ಲಿಯ ಪ್ರಿನ್ಸಿಪಾಲರು ಯಾರೂ ಕೇಳದೆಯೇ ಅವಳ ತರಗತಿಯನ್ನು ನೆಲಮಹಡಿಗೆ ಇಳಿಸಿದ್ದಾರೆ. ಊರಾಚೆಯ ಆ ಗೇಟಿನವರೆಗೆ ಅವಳನ್ನು ಮುಟ್ಟಿಸುವುದಷ್ಟೇ ನಿಮ್ಮ ಪಾಲಿನ ಕೆಲಸ.

ಆ ಆದೇಶ ಹರಿದುಹಾಕಿ. ಸ್ಕೂಟರಿನ ಮಂಜೂರಾತಿಯನ್ನು ನೀವೇ ಕೆಳಗಿಳಿದು ಬಂದು ಅವಳ ಕೈಗೆ ಕೊಡಿ. ಬಾಗಿಲ ಬಳಿಯೇ ಕಾದಿರುತ್ತೇವೆ. ಮಂಡಿ ನೋಯುತ್ತಿದ್ದರೆ ಸಂಕೋಚ ಬೇಡ, ಹೇಳಿಕಳಿಸಿ. ಹೊತ್ತು ಇಳಿಸುತ್ತೇನೆ, ನನಗೆ ಅಭ್ಯಾಸವಾಗಿದೆ.

ಇಂತಿ,
ನಿಮ್ಮ ಕಚೇರಿಯ ಸದ್ಯದ ಲಿಫ್ಟು