ಕೆಂಪು ದಾರ ಕಟ್ಟಿದ ಜರಡಿ

ಮಗಳೇ,

ಚಿಕ್ಕಂದಿನಲ್ಲಿ ನನ್ನಮ್ಮನ ಕೈಗೆ ಸದಾ ಹುರಿದ ಗೋಧಿಯ ಘಮ ಇರುತ್ತಿತ್ತು. ಇವತ್ತು ಹಳೆಯ ಜರಡಿಯನ್ನು ಕಸಕ್ಕೆ ಹಾಕುವಾಗ ಅದೇ ಘಮ ಬಂದು ಕಣ್ಣು ತುಂಬಿತು. ಹೋದ ವಾರ ಗೋಧಿಹಿಟ್ಟಿನ ಆ ಜರಡಿಯಲ್ಲೇ ನಿನ್ನ ಪುಟ್ಟಿಯ ಅಕ್ಕಿಹಿಟ್ಟನ್ನೂ ಹಿಡಿದುಬಿಟ್ಟೆನಲ್ಲ. ಸೀಲಿಯಾಕ್ ಕಾಯಿಲೆ ಇರುವ ಮಗುವಿಗೆ ಒಂದು ಚಿಟಿಕೆ ಗೋಧಿಯೂ ಆಗದೆಂದು ಗೊತ್ತಿದ್ದೂ ಕೈ ತನ್ನ ರೂಢಿ ಬಿಡಲಿಲ್ಲ. ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು.

ಹೊಸ ಜರಡಿಗೆ ಕೆಂಪು ದಾರ ಕಟ್ಟಿದ್ದೇನೆ. ಅದು ಅವಳದ್ದು ಮಾತ್ರ.

ನಾನು ಮಾಡಿದ್ದನ್ನು ಉಣ್ಣೆಂದು ಅವಳಿಗೆ ಒತ್ತಾಯ ಮಾಡಬೇಡ. ನನ್ನ ಪರವಾಗಿ ಅವಳನ್ನು ಬೈಯಲೂಬೇಡ.

ನಮ್ಮಿಬ್ಬರನ್ನೂ ಮಾತಿಗೆ ಬರಹೇಳಿದ್ದ ಆಪ್ತಸಮಾಲೋಚಕಿಯ ಹತ್ತಿರ ಇವತ್ತೂ ನಾನೊಬ್ಬಳೇ ಹೋಗುತ್ತಿದ್ದೇನೆ. ಪುಟ್ಟಿಯನ್ನು ಕರೆದರೆ, "ತಪ್ಪು ನಿಂದು, ಪಾಠ ನಂಗಾ? ನೀನೇ ಹೋಗಜ್ಜಿ" ಅಂದಳು. ಸರಿಯಾಗಿಯೇ ಅಂದಳು. ನನ್ನ ಕೈಯಡುಗೆಯನ್ನು ಅವಳು ಮತ್ತೆ ನಂಬಿ ತಿನ್ನುತ್ತಾಳೆಂಬ ಆಸೆ ನನಗೆ ಉಳಿದಿಲ್ಲ. ಹೋದ ಸಲ ನಾನು ಹಾಗೆಂದಾಗ ಆ ಸಮಾಲೋಚಕಿ, ಪಾಪ, ಕುಡಿಯಲು ನೀರು ಕೊಟ್ಟರು.

ನಿನ್ನೆ ನೀನು ಕೆಲಸಕ್ಕೆ ಹೋದ ಮೇಲೆ ನಾನು ಉಣ್ಣದೆ ಕೂತಿದ್ದೆ. ಪುಟ್ಟಿ ತನ್ನ ಪಾತ್ರೆಯಲ್ಲಿ ತಾನೇ ಅನ್ನ ಬೇಯಿಸಿಕೊಂಡಳು. ಅರ್ಧವನ್ನು ತಟ್ಟೆಗೆ ಹಾಕಿ, ನನ್ನ ಮುಖ ನೋಡದೆ ನನ್ನ ಕೈಗಿಟ್ಟಳು.