ಎಡಗೈಗೆ ಒಗ್ಗಿದ ಪೆನ್ನು

ಅಪ್ಪಾ,

ನಿನ್ನ ಸುಜಾತ ಬರೆಯುತ್ತಿದ್ದೇನೆ. ನೀನಿದ್ದಾಗ ನಿನಗೊಂದು ಕಾಗದ ಬರೆದವಳಲ್ಲ. ಒಂದೇ ಮನೆಯಲ್ಲಿ ಇದ್ದವರಿಗೆ ಕಾಗದ ಯಾಕೆ ಬೇಕಿತ್ತು? ಈಗ ನಿನಗೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ಅದಕ್ಕೆ ಮುಂಚೆ ಒಂದು ತಪ್ಪನ್ನು ಒಪ್ಪಿಕೊಳ್ಳುವುದೂ ಇದೆ. ಎರಡೂ ನಾನು ತಂದುಕೊಟ್ಟ ಆ ಪುಟ್ಟ ಹಲಗೆಗೆ ಸೇರಿದ್ದು. ಕಂಪ್ಯೂಟರಿಗೆ ತಗುಲಿಸಿ ಮೇಲೆ ಪೆನ್ನಾಡಿಸಿದರೆ ಪರದೆಯಲ್ಲಿ ಚಿತ್ರ ಮೂಡುತ್ತಿತ್ತಲ್ಲ, ಅದು. ಅಂಗಡಿಯವರು ಅದನ್ನು ಟ್ಯಾಬ್ಲೆಟ್ ಅಂದರು. ನಿನ್ನ ಬಾಯಲ್ಲಿ ಅದು ಕೊನೆಯವರೆಗೂ ಸ್ಲೇಟೇ.

ಕುಡುಮಲಕುಂಟೆಯ ಕಾರ್ಖಾನೆಯಿಂದ ನೀನು ಕೊನೆಯ ಸಲ ಮನೆಗೆ ಬಂದ ಸಂಜೆ ನೆನಪಿದೆ. ಬಣ್ಣದ ಡಬ್ಬಿಗಳನ್ನೂ ಸಣ್ಣ ಕುಂಚಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬಂದಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ ಸೀರೆಯ ಅಂಚು, ಸೆರಗುಗಳ ವಿನ್ಯಾಸವನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ಒಂದೊಂದಾಗಿ ತುಂಬಿದವನು ನೀನು. ನಿನ್ನ ಹಾಳೆ ನೋಡಿಕೊಂಡೇ ಮಗ್ಗದ ರಟ್ಟುಗಳಿಗೆ ತೂತು ಹೊಡೆಯುತ್ತಿದ್ದರು. ಆ ಕೆಲಸಕ್ಕೆ ಕಂಪ್ಯೂಟರ್ ಬಂತು, ನಿನ್ನನ್ನು ಗೋದಾಮಿನ ಲೆಕ್ಕಕ್ಕೆ ಕೂರುತ್ತೀಯಾ ಎಂದು ಕೇಳಿದರು, ನೀನು ಒಲ್ಲೆ ಅಂದೆ. ಮನೆಯಲ್ಲಿ ಯಾರ ಮೇಲೂ ರೇಗಲಿಲ್ಲ. ಅಮ್ಮ ಕೊಟ್ಟ ಟೀ ಕುಡಿದು, ಚೀಲವನ್ನು ಬುದ್ಧನ ಪಟದ ಕೆಳಗಿನ ಗೂಡಿನಲ್ಲಿಟ್ಟು, ಕೈಕಾಲು ತೊಳೆಯಲು ಹೋದೆ. ಬಚ್ಚಲಿನಿಂದ ಬರಲು ಎಷ್ಟು ಹೊತ್ತು ಮಾಡಿದೆ ಗೊತ್ತಾ…

ಅದಾದ ಎರಡನೇ ವರ್ಷ ನಿನಗೆ ಲಕ್ವ ಹೊಡೆಯಿತು. ತಿಂಗಳೊಪ್ಪತ್ತಿನಲ್ಲಿ ಕಾಲು ಹೇಳಿದ ಮಾತು ಕೇಳಿತು, ಬಲಗೈ ಕೇಳಲಿಲ್ಲ. ಎಡಗೈಯಲ್ಲಿ ಚಿತ್ರ ಬರೆಯಲು ಕೂತೆ. ಹಾಳೆ ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲ, ಅದು ಜಾರುತ್ತಿತ್ತು. ಅಮ್ಮ ನಾಲ್ಕು ಮೂಲೆಗೂ ಲೋಟ ಇಟ್ಟಳು. ಅಳಿಸಲು ಹೋದರೆ ಹಾಳೆ ಹರಿಯುತ್ತಿತ್ತು, ಬಣ್ಣ ಚೆಲ್ಲುತ್ತಿತ್ತು. ಒಂದು ದಿನ ನೀನು ಲೋಟಗಳನ್ನೆಲ್ಲ ನೀನೇ ಅಡುಗೆಮನೆಗೆ ಒಂದೊಂದಾಗಿ ಸಾಗಿಸಿ ಬಂದು, ಇನ್ನು ಸಾಕು ಅಂದೆ.

ಆಗ ನಾನು ಚಿಕ್ಕಬಳ್ಳಾಪುರದ ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದೆನಲ್ಲ. ಒಂದು ಮಧ್ಯಾಹ್ನ ಬೆಂಗಳೂರಿನಿಂದ ಬಂದ ಗಿರಾಕಿಯೊಬ್ಬರು ಬ್ಯಾಗಿನಿಂದ ಇಂಥ ಹಲಗೆ ತೆಗೆದು, ನಮ್ಮ ಕಂಪ್ಯೂಟರಿಗೇ ಸಿಕ್ಕಿಸಿ, ಗಣೇಶನ ಚಿತ್ರ ತಿದ್ದಿಕೊಟ್ಟರು. ಹಲಗೆ ಮೇಜಿನ ಮೇಲೆ ಕಚ್ಚಿಕೊಂಡು ಕೂತಿತ್ತು. ಅವರ ಇನ್ನೊಂದು ಕೈ ಸುಮ್ಮನೆ ತೊಡೆಯ ಮೇಲಿತ್ತು. ನಾನು ಚಿತ್ರವನ್ನು ನೋಡಲೇ ಇಲ್ಲ ಅಪ್ಪಾ, ಆ ಕೈಯನ್ನೇ ನೋಡುತ್ತಿದ್ದೆ. ಅವತ್ತು ಬಸ್ಸಿನಲ್ಲಿ ಮಂಚೇನಹಳ್ಳಿ ದಾಟುವ ಹೊತ್ತಿಗೆ ತೀರ್ಮಾನ ಮಾಡಿದ್ದೆ. ಮನೆಗೆ ಬಂದು ಹೇಳಿದರೆ ನೀನು ಗೋಡೆ ಕಡೆ ಮುಖ ತಿರುಗಿಸಿದೆ.

"ನನ್ನ ಕೆಲಸ ತಿಂದಿದ್ದೇ ಆ ಪೆಟ್ಟಿಗೆ. ಈಗ ಅದರ ಮುಂದೇನೇ ಹೋಗಿ ಕೂತ್ಕೊ ಅಂತೀಯಲ್ಲಮ್ಮಾ."

ಆದರೂ ಪ್ರೆಸ್ಸಿನವರು ಮೂಲೆಗೆ ಹಾಕಿದ್ದ ಹಳೇ ಕಂಪ್ಯೂಟರನ್ನು ಕೇಳಿ ತಂದೆ.

ಬಿ.ಬಿ. ರಸ್ತೆಯ ವೆಂಕಟೇಶರ ಕಂಪ್ಯೂಟರ್ ಅಂಗಡಿಯಲ್ಲಿ ನಾನು ಎಷ್ಟು ದಿನ ಊಟದ ಬಿಡುವು ಕಳೆದೆನೋ. ನಮ್ಮ ಕೈಗೆಟುಕುವಂಥ ಹಲಗೆಗಳು ಎರಡೇ ಇದ್ದವು. ಒಂದು ನೋಟ್‌ಬುಕ್ಕಿನಷ್ಟು ಅಗಲ, ಪೆನ್ನಿನ ಹೊಟ್ಟೆಯೊಳಗೆ ಸೆಲ್ಲು ಹಾಕಬೇಕು. ಇನ್ನೊಂದು ಅಂಗೈಗಿಂತ ತುಸು ದೊಡ್ಡದು, ಪೆನ್ನಿಗೆ ಸೆಲ್ಲು ಬೇಡ, ಬೆಲೆ ಮಾತ್ರ ಸ್ವಲ್ಪ ಹೆಚ್ಚು. ಕಡಿಮೆ ದುಡ್ಡಿಗೆ ದೊಡ್ಡದು ಸಿಗುವಾಗ ಚಿಕ್ಕದನ್ನು ಯಾರು ಕೊಳ್ಳುತ್ತಾರೆ? ಅಗಲವಿದ್ದರೆ ನಿನ್ನ ಕೈ ಆರಾಮಾಗಿ ಓಡಾಡುತ್ತದೆ ಎಂದೂ ಲೆಕ್ಕ ಹಾಕಿದೆ. ಎಲ್ಲ ಲೆಕ್ಕವನ್ನೂ ನಾನೊಬ್ಬಳೇ ಹಾಕಿದೆ ಅಪ್ಪಾ. ಬರೆಯುವವನು ನೀನು, ನಿನ್ನನ್ನೊಂದು ಮಾತು ಕೇಳಲಿಲ್ಲ.

ದೊಡ್ಡ ಹಲಗೆ ಮನೆಗೆ ಬಂದ ಮೊದಲ ಭಾನುವಾರ ನೀನು ಅದರ ಮುಂದೆ ಕೂತಿದ್ದೇ ನನಗೆ ಹಬ್ಬವಾಗಿತ್ತು. ಕೈಯನ್ನು ನೋಡದೆ ಪರದೆಯನ್ನು ನೋಡುತ್ತಾ ಬರೆಯುವುದು ನಿನಗೆ ವಿಚಿತ್ರ ಅನ್ನಿಸಿತ್ತು. ಒಂದೆರಡು ಗೆರೆ ಎಳೆದು ನಕ್ಕೆ. ಆಮೇಲೆ ಮುಟ್ಟಲಿಲ್ಲ. ನಾನು ಸಂಜೆ ಬಂದಾಗಲೆಲ್ಲ ಕಂಪ್ಯೂಟರಿನ ಮೇಲೆ ಅಮ್ಮ ಹೊದಿಸಿದ ಟವಲು ಹಾಗೇ ಇರುತ್ತಿತ್ತು. ಕೇಳಿದರೆ ನೀನು ಕರೆಂಟಿರಲಿಲ್ಲ ಅನ್ನುತ್ತಿದ್ದೆ, ಇಲ್ಲವೇ ಕಣ್ಣುರಿ ಅನ್ನುತ್ತಿದ್ದೆ. ಎರಡು ವಾರವಾದ ಮೇಲೆ ನಾನು ಆಡಬಾರದ ಮಾತು ಆಡಿದೆ. ನಿನಗೆ ಕೈ ಹೋಗಿದ್ದಲ್ಲ, ಮನಸ್ಸೇ ಹೋಗಿದೆ, ಏನು ಮಾಡಿದರೂ ಅಷ್ಟೇ ಅಂದುಬಿಟ್ಟೆ. ನೀನು ತಲೆ ಬಗ್ಗಿಸಿಕೊಂಡು ಹೂಂ ಅಂದೆ. ಹಾಗೆ ಅನ್ನುವ ಬದಲು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರನೇ ದಿನ ಬೆಳಿಗ್ಗೆ ನನಗೆ ಬುತ್ತಿ ಕಟ್ಟುತ್ತಾ ಅಮ್ಮ ತಡೆಯಲಾರದೆ ಎಲ್ಲವನ್ನೂ ಹೇಳಿದಳು. ನೀನು ದಿನಾ ಕೂರುತ್ತಿದ್ದೆಯಂತೆ. ಆ ಪೆನ್ನಿನ ಭಾರಕ್ಕೆ ಹತ್ತು ನಿಮಿಷದಲ್ಲಿ ಮಣಿಕಟ್ಟು ನಡುಗುತ್ತಿತ್ತಂತೆ. ನಾನು ಬರುವ ಹೊತ್ತಿಗೆ ಅಮ್ಮನಿಂದ ಎಣ್ಣೆ ತಿಕ್ಕಿಸಿಕೊಂಡು ಸುಮ್ಮನೆ ಕೂತಿರುತ್ತಿದ್ದೆಯಂತೆ. ಕೊನೆಗೆ ಸೆಲ್ಲು ತೆಗೆದರೆ ಪೆನ್ನು ಹಗುರಾದೀತು ಎಂದು ಅದನ್ನು ಬಿಚ್ಚಿದೆಯಂತೆ. ಪರದೆಯ ಮೇಲೆ ಗೆರೆಯೇ ಮೂಡಲಿಲ್ಲ. ಎಲ್ಲಿ ಕೆಡಿಸಿಬಿಟ್ಟೆನೋ ಎಂದು ಹೆದರಿ, ಸೆಲ್ಲನ್ನು ಸಾಸಿವೆ ಡಬ್ಬಿಯಲ್ಲಿ ಅಡಗಿಸಿಟ್ಟು, ನನಗೆ ಹೇಳಬೇಡ ಎಂದು ಅಮ್ಮನಿಂದ ಮಾತು ತೆಗೆದುಕೊಂಡಿದ್ದೆ.

ನಾನು ಹೊರಗೆ ಬಂದಾಗ ನೀನು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದೆ. ನಾನು ಪಕ್ಕದಲ್ಲಿ ಕೂತೆ. ನೀನೇ ಶುರು ಮಾಡಿದೆ.

"ನೀನು ಅಷ್ಟು ಆಸೆಯಿಂದ ತಂದಿದ್ದೆ ಕಣಮ್ಮ. ಭಾರ ಅಂದ್ರೆ ನೀನು ನೊಂದ್ಕೊಂತೀಯಾ ಅಂತ."

ನಾನು ಬುತ್ತಿ ಎತ್ತಿಕೊಂಡು ಬಸ್ಸಿಗೆ ಹೊರಟುಬಿಟ್ಟೆ. ಇಷ್ಟು ದಿನವಾದರೂ ನಾನು ಹಿಂದಿನ ದಿನದ ಆ ಮಾತಿಗೆ ನಿನ್ನ ಕ್ಷಮೆ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಮುಂದಿನ ವಾರ ಹಲಗೆ ಬದಲಾಯಿಸಲು ನಿನ್ನನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದ ದಿನ ನೀನು ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ಹಾಕಿದ್ದೆ. ಬಸ್ಸು ಹತ್ತಿಸಲು ಕಂಡಕ್ಟರ್ ಕೈ ಕೊಟ್ಟರು. ಅಂಗಡಿಯಲ್ಲಿ ವೆಂಕಟೇಶರು ಮೊದಮೊದಲು ನನ್ನ ಜೊತೆಯೇ ಮಾತಾಡಿದರು, ಡಬ್ಬಿ ತೆರೆದ ಹಲಗೆಯನ್ನು ವಾಪಸ್ ತೆಗೆದುಕೊಳ್ಳುವುದು ಕಷ್ಟ ಎಂದರು. ನೀನು ಅದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಎಡಗೈಯಲ್ಲಿ ಮೊದಲು ದೊಡ್ಡ ಹಲಗೆಯ ಪೆನ್ನು, ಆಮೇಲೆ ಚಿಕ್ಕದರ ಪೆನ್ನು ಹಿಡಿದು, ಕಣ್ಣು ಮುಚ್ಚಿಕೊಂಡು ತೂಗಿ ನೋಡುತ್ತಿದ್ದೆ. ಆಮೇಲೆ ಚಿಕ್ಕ ಹಲಗೆಯ ಮೇಲೆ ಒಂದು ಗೆರೆ ಎಳೆದೆ. ಅದರ ಪಕ್ಕ ಇನ್ನೊಂದು. ಬಗ್ಗಿಸಿದೆ, ಸುತ್ತಿದೆ, ಸೀರೆಯ ಮೇಲಿರುವಂಥ ಒಂದು ಮಾವಿನಕಾಯಿ ಬುಟ್ಟಾ ಆಯಿತು. ವೆಂಕಟೇಶರು ಮಾತು ನಿಲ್ಲಿಸಿ ಪರದೆ ನೋಡಿದರು. ಎಲ್ಲಿ ಕಲಿತಿರಿ ಎಂದು ನಿನ್ನನ್ನು ತೆಲುಗಿನಲ್ಲಿ ಕೇಳಿದರು. ನೀನು ಅದಕ್ಕೆ ಉತ್ತರ ಕೊಡದೆ ಪೆನ್ನನ್ನೇ ನೋಡುತ್ತಾ ಅಂದೆ:

"ಇದೇ ತೇಲಿಗ್ಗಾ ಉಂದಿ. ಇದು ಹಗುರ ಐತೆ. ಚಿಕ್ಕದಾದ್ರೆ ಏನಂತೆ, ನಾನು ಚಿಕ್ಕ ಚೌಕದಲ್ಲೇ ಬದುಕಿದೋನು."

ವೆಂಕಟೇಶರು ದೊಡ್ಡ ಹಲಗೆಯನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ಅಂಗಡಿಯ ಕಂಪ್ಯೂಟರಿನಲ್ಲಿ ನಿನ್ನ ಆ ಬುಟ್ಟಾ ಬಹಳ ದಿನ ಹಾಗೇ ಇತ್ತು.

ಆಮೇಲಿನ ಒಂದೂವರೆ ವರ್ಷವನ್ನು ಏನೆಂದು ಹೇಳಲಿ? ಒಂದು ಚೌಕ ತಪ್ಪಿದರೆ ಇಡೀ ಹಾಳೆ ಕೆಟ್ಟಿತೆಂದು ಕಾರ್ಖಾನೆಯಲ್ಲಿ ನಿನ್ನ ಮೇಸ್ತ್ರಿ ಕೂಗಾಡುತ್ತಿದ್ದರಂತೆ. ಇಲ್ಲಿ ತಪ್ಪಿದರೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ನೀನು ಬೇಕೆಂದೇ ತಪ್ಪು ಗೆರೆ ಎಳೆದು, ಅದು ಮಾಯವಾಗುವುದನ್ನು ಅಮ್ಮನನ್ನು ಕರೆದು ತೋರಿಸುತ್ತಿದ್ದೆ. ಮೊದಲು ಅಂಚು, ಸೆರಗು. ಆಮೇಲೆ ಎದುರುಮನೆಯ ಮೇಕೆಗಳು, ಮೇಲೂರಿನ ಚಿಕ್ಕಮ್ಮನ ಮನೆಯ ಹಿಪ್ಪುನೇರಳೆ ತೋಟ, ವಿದುರಾಶ್ವತ್ಥದ ನಾಗರಕಲ್ಲುಗಳ ಸಾಲು. ಇದೆಲ್ಲ ಯಾರಿಗಪ್ಪಾ ಎಂದು ಒಮ್ಮೆ ಕೇಳಿದ್ದೆ. ಯಾರಿಗೂ ಅಲ್ಲ, ಸುಮ್ಮನೆ, ಅಂದೆ. ಆ ಸುಮ್ಮನೆ ಎಂಬ ಮಾತನ್ನು ಅಷ್ಟು ಸಂತೋಷದಿಂದ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಎರಡನೇ ಸಲ ಲಕ್ವ ಬಂದ ಮಧ್ಯಾಹ್ನ ನಾನು ಪ್ರೆಸ್ಸಿನಲ್ಲಿದ್ದೆ. ಮೂರು ದಿನ ಆಸ್ಪತ್ರೆಯಲ್ಲಿದ್ದೆ ನೀನು. ಮಾತಿರಲಿಲ್ಲ. ನಿನ್ನ ಎಡಗೈ ನನ್ನ ಕೈಯೊಳಗಿತ್ತು, ಅದರ ಬೆರಳುಗಳು ಆಗೀಗ ಗೆರೆ ಎಳೆಯುವ ಹಾಗೆ… ಬೇಡ, ಅದು ನಿನಗೇ ಗೊತ್ತು.

ಮೊನ್ನೆ ಭಾನುವಾರ ಅಮ್ಮ ತಾನಾಗಿಯೇ ಕಂಪ್ಯೂಟರಿನ ಮೇಲಿನ ಟವಲು ತೆಗೆದು, ನಿನ್ನ ಚಿತ್ರಗಳನ್ನು ತೋರಿಸು ಅಂದಳು. ನೀನು ಹೋಗಿ ವರ್ಷವಾಯಿತು, ಅವಳು ಆ ಕಡೆ ತಲೆ ಹಾಕಿರಲಿಲ್ಲ. ಒಂದೊಂದಾಗಿ ತೆರೆಯುತ್ತಾ ಹೋದೆ. ನನಗೂ ಗೊತ್ತಿರದ ಒಂದು ಸಿಕ್ಕಿತು. ಹಿತ್ತಲ ಮೆಟ್ಟಿಲ ಮೇಲೆ ಕೂತು ಅಮ್ಮ ಸೊಪ್ಪು ಸೋಸುತ್ತಿದ್ದಾಳೆ. ಯಾವಾಗ ಬರೆದೆ ಅಪ್ಪಾ ಇದನ್ನು? ಅವಳಿಗೆ ತಿಳಿಯದ ಹಾಗೆ ಎಲ್ಲಿ ನಿಂತು ನೋಡಿದ್ದೆ?

ಅಮ್ಮ ಬಹಳ ಹೊತ್ತು ನೋಡಿದಳು. ಅಳುತ್ತಾಳೇನೋ ಎಂದುಕೊಂಡೆ, ಅಳಲಿಲ್ಲ. ಆ ಪೆನ್ನು ಹೇಗೆ ಹಿಡಿಯುವುದೆಂದು ಕೇಳಿದಳು. ಜೀವಮಾನದಲ್ಲಿ ಸೊಪ್ಪಿನ ಚೀಟಿಯನ್ನೂ ಬರೆಯದವಳು. ನಿನ್ನ ಚಿತ್ರದ ಒಂದು ಪ್ರತಿ ತೆಗೆದಿಟ್ಟು, ಅವಳ ಬೆರಳ ಮೇಲೆ ನನ್ನ ಬೆರಳಿಟ್ಟು ತೋರಿಸಿದೆ. ಸ್ವಲ್ಪ ಹೊತ್ತಿಗೆ ನನ್ನ ಕೈ ಸರಿಸಿದಳು.

"ಒಬ್ಳೇ ಕೂತಿರೋ ಹಂಗೆ ಬರೆದವ್ರೆ ನಿಮ್ಮಪ್ಪ. ಪಕ್ಕದಲ್ಲಿ ಅವ್ರೂ ಇರ್ಲಿ."

ಒಂದು ಗಂಟೆ ಕೂತಳು. ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಈಗ ನೀನಿದ್ದೀಯ. ತಲೆ ಸೊಟ್ಟಗಿದೆ, ಕಿವಿಗಳು ದೊಡ್ಡದಾಗಿವೆ, ಕನ್ನಡಕ ಮಾತ್ರ ನಿನ್ನದೇ. ತಿದ್ದಿಕೊಡಲಾ ಎಂದು ಕೇಳಿದ್ದಕ್ಕೆ, ಮುಟ್ಟಬೇಡ ಎಂದು ನನ್ನನ್ನು ಗದರಿದಳು. ನಿನ್ನ ಕಾಲು ಇನ್ನೂ ಬರೆದಿಲ್ಲ. ಇವತ್ತು ಪಾತ್ರೆ ತೊಳೆದು ಬಂದು ಬರೀತಾಳಂತೆ.